ಒಂದೇ ಪಂದ್ಯಕ್ಕೆ ಮುಗಿಯುವ ಸೀಸನ್

“ಅಲ್ಲಪಾ ತಮ್ಮಾ, ನಮ್ಮ ಹುಡುಗ ಮುಂಜಾನಿ ಮೊದಲನೇ ಬಸ್ಸಿಗೆ ಹೋದ, ಸಂಜಿಗೆ ಸೋತು ಬಂದ. ಈ ವರ್ಷದ ಸೀಸನ್ ಮುಗೀತಪ್ಪ ಅಂತಾನ. ಒಂದ ದಿನದಾಗ ಮುಗಿಯೋದು ಎಂಥಾ ಸೀಸನ್ನೋ ಅದು?”

ಗ್ವಾಡಿಯ ಆಚೆಯಿಂದ ಕಾಕಾ ಕೇಳಿದ ಈ ಪ್ರಶ್ನೆಗೆ ನಿಂತು ಉತ್ತರ ಕೊಡಲೇಬೇಕಾಯಿತು. ಅವರ ಮಗ ರಾಯಚೂರಿನ ಒಂದು ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ. ಆರಡಿ ದಾಟಿದ ಹುಡುಗ. ನಮ್ಮೂರು ಮಸರಕಲ್ಲಿನಲ್ಲಿ ಇದ್ದಷ್ಟು ದಿನ ಆಡಿದ್ದು ಕಬಡ್ಡಿ, ವಾಲಿಬಾಲ್. ಕಾಲೇಜಿಗೆ ಸೇರಿದ ಮೇಲೆ ಎತ್ತರ ನೋಡಿ ಆಟ ಕಲಿಸುವ ಪಿ.ಡಿ. ಸರ್ ಬಾಸ್ಕೆಟ್‌ಬಾಲ್ ತಂಡಕ್ಕೆ ಹಾಕಿಕೊಂಡರು. ವರ್ಷವಿಡೀ ಬೆಳಿಗ್ಗೆ ಎದ್ದು ಡ್ರಿಬಲ್ ಕಲಿತ, ಲೇ-ಅಪ್ ಕಲಿತ. ಅಂತರ ಕಾಲೇಜು ಟೂರ್ನಿಯ ಮೊದಲ ಪಂದ್ಯದಲ್ಲೇ ತಂಡ ಸೋತಿತು. ನಾಕೌಟ್ ಆದ್ದರಿಂದ ಅಲ್ಲಿಗೆ ವರ್ಷದ ಲೆಕ್ಕ ಮುಗಿಯಿತು.

“ಕಾಕಾ, ಈ ಆಟ ಹುಟ್ಟಿದ್ದೇ ವಿದ್ಯಾರ್ಥಿಗಳ ಸಲುವಾಗಿ” ಎಂದೆ. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮಾಸ್ತರರಿದ್ದರು. ಹೊರಗೆ ಹಿಮ, ಒಳಗೆ ಬೇಸತ್ತು ಕೂತ ಹುಡುಗರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತಡಿ ಎತ್ತರಕ್ಕೆ ಮೊಳೆ ಹೊಡೆದು, ಕಾಲ್ಚೆಂಡು ಕೊಟ್ಟು, 13 ನಿಯಮ ಬರೆದು ಗೋಡೆಗೆ ಅಂಟಿಸಿದರು. ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಏಣಿ ಹತ್ತಿ ತೆಗೆಯಬೇಕಿತ್ತು. ಬುಟ್ಟಿ ಹೋಗಿ ಕಬ್ಬಿಣದ ರಿಂಗ್ ಬಂತು, ಬಲೆಯ ತಳ ತೆರೆಯಿತು. ಆ ಹತ್ತಡಿ ಎತ್ತರ ಮಾತ್ರ ಇಂದಿಗೂ ಹಾಗೇ ಇದೆ.

“ಅಲ್ಲಿ ಕಾಲೇಜು ಹುಡುಗರು ಎಷ್ಟು ಆಡ್ತಾರ?” ಎಂದರು ಕಾಕಾ.

ನವೆಂಬರಿನಿಂದ ಮಾರ್ಚ್ ತನಕ ಒಂದೊಂದು ತಂಡಕ್ಕೆ ಹೆಚ್ಚುಕಡಿಮೆ ಮೂವತ್ತು ಪಂದ್ಯ. ಅದೆಲ್ಲ ಆದ ಮೇಲೆ ಒಳ್ಳೆಯ ತಂಡಗಳನ್ನು ಆರಿಸಿ ನಾಕೌಟ್ ಆಡಿಸುತ್ತಾರೆ. ಸೋತವರು ಮನೆಗೆ ಎನ್ನುವ ನಿಯಮ ಅಲ್ಲಿಯೂ ಇದೆ, ಆದರೆ ಅದು ಬರುವುದು ಕಟ್ಟಕಡೆಗೆ. ನಮ್ಮಲ್ಲಿ ಅದೇ ಮೊದಲು, ಅದೇ ಕೊನೆ.

ಕಾಕಾನಿಗೆ ಲೆಕ್ಕವೆಂದರೆ ಪ್ರೀತಿ. ಹಾಗಾಗಿ ಲೆಕ್ಕವನ್ನೇ ಹೇಳಿದೆ. 16 ಕಾಲೇಜು ಸೇರಿದವು ಅನ್ನಿ. ನಾಕೌಟ್ ಆದರೆ ಒಟ್ಟು 15 ಪಂದ್ಯ. ಎಂಟು ತಂಡ ಒಂದೇ ಪಂದ್ಯ ಆಡಿ ಬಸ್ ಹತ್ತುತ್ತವೆ. ತಂಡಕ್ಕೆ 12 ಹುಡುಗರಂತೆ 96 ಜನರ ವರ್ಷದ ಬೆವರು ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರಿನಲ್ಲಿ ತೀರಿಹೋಗುತ್ತದೆ. ಅವರಲ್ಲಿ ಬೆಂಚಿನ ಮೇಲೆ ಕೂತವರಿಗೆ ಅಷ್ಟೂ ಸಿಗುವುದಿಲ್ಲ.

“ಒಂದ ಮಳಿ ತಪ್ಪಿದ್ರ ಹೊಲಾನ ಬೀಳ ಬಿಟ್ಟಂಗಾತು” ಎಂದರು ಕಾಕಾ.

ಅಷ್ಟರಲ್ಲಿ ಚಿಗವ್ವ ಮೊರ ಹಿಡಿದು ಬಂದು ಕಟ್ಟೆಗೆ ಕೂತಳು. “ಆಡಿದ್ರ ಏನ್ ಸಿಗತದ? ಅದನ್ನ ಹೇಳು ಮೊದಲ.”

ತಾಯಿ ಕೇಳಬೇಕಾದ ಪ್ರಶ್ನೆಯೇ ಅದು. ಅಂತರ ಕಾಲೇಜು ಪಂದ್ಯಗಳಲ್ಲಿ ಚೆನ್ನಾಗಿ ಆಡಿದವರನ್ನು ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುತ್ತಾರೆ. ಹಾಗೆ ಆಯ್ಕೆಯಾದ ಹುಡುಗನನ್ನು ‘ಯೂನಿವರ್ಸಿಟಿ ಬ್ಲೂ’ ಎನ್ನುತ್ತಾರೆ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋಗುತ್ತದೆ. ಅಲ್ಲಿ ಆಡಿದ ಪ್ರಮಾಣಪತ್ರಕ್ಕೆ ಕ್ರೀಡಾ ಕೋಟಾದಲ್ಲಿ ಬೆಲೆ ಇದೆ. ರೈಲ್ವೆ, ಬ್ಯಾಂಕುಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡದ್ದು ಹೊಸ ಸುದ್ದಿಯಲ್ಲ. ನಮ್ಮ ಕರ್ನಾಟಕದ್ದೇ ಆದ ವಿಜಯಾ ಬ್ಯಾಂಕ್, 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನ ಆಗುವ ಮೊದಲು ಹೆಸರಾಂತ ಬಾಸ್ಕೆಟ್‌ಬಾಲ್ ತಂಡ ಸಾಕಿತ್ತು. ಆದರೆ ಒಂದೇ ಪಂದ್ಯ ಆಡಿದ ಹುಡುಗನನ್ನು ಆಯ್ಕೆ ಮಾಡುವವರು ಎಷ್ಟು ನೋಡಿಯಾರು? ಅಂದು ಜ್ವರ ಇದ್ದರೆ? ಮೊದಲ ಎದುರಾಳಿಯೇ ಗೆಲ್ಲುವ ತಂಡವಾಗಿದ್ದರೆ? ಹುಡುಗನ ಕಸುವು ಕಣ್ಣಿಗೆ ಬೀಳಲು ನಾಲ್ಕಾರು ಪಂದ್ಯವಾದರೂ ಬೇಕು.

“ಮತ್ತ ನಮ್ಮೂರಾಗ ಯಾಕ ಈ ಆಟ ಇಲ್ಲ?” ಎಂದಳು ಚಿಗವ್ವ.

ಇದಕ್ಕೆ ಕಾರಣ ನಮ್ಮ ನೆಲ. ವಾಲಿಬಾಲಿಗೆ ಎರಡು ಕಂಬ, ಒಂದು ನೆಟ್ ಇದ್ದರೆ ಸಾಕು. ಚೆಂಡು ನೆಲ ಮುಟ್ಟುವುದೇ ಬೇಡ. ಬಾಸ್ಕೆಟ್‌ಬಾಲಿಗೆ ಚೆಂಡು ಪುಟಿಯಬೇಕು. ದೇವದುರ್ಗ, ಮಾನ್ವಿ ಕಡೆಯ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಹತ್ತಿಗೆ ಅದೇ ವರ, ಕಾಂಕ್ರೀಟಿಗೆ ಅದೇ ಕಾಟ. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣ ಹಾಕಬೇಕಾದರೆ ಮೇಲಿನ ಎರಿ ಮಣ್ಣು ತೆಗೆದು, ಗರಸು ತುಂಬಿ, ನೀರು ಹೊಡೆದು, ರೋಲರ್ ಓಡಿಸಿ, ಆಮೇಲೆ ಕಾಂಕ್ರೀಟ್ ಹಾಕಬೇಕು. ಅವಸರದಲ್ಲಿ ಹಾಕಿದರೆ ಎರಡು ಮಳೆಗಾಲದಲ್ಲಿ ಸೀಳುತ್ತದೆ. ಸೀಳಿದ ಅಂಕಣದಲ್ಲಿ ಓಡಿದರೆ ಹುಡುಗರ ಪಾದ ಹೊರಳುತ್ತದೆ.

ಹಳ್ಳಿಗೆ ಪೂರಾ ಅಂಕಣ ಬೇಕೆಂದೂ ಇಲ್ಲ. ಅರ್ಧ ಅಂಕಣ, ಒಂದು ಕಂಬ, ಒಂದು ಬೋರ್ಡು, ಒಂದು ರಿಂಗ್ ಇದ್ದರೆ ಮೂರು ಮೂರು ಜನ ಆಡಬಹುದು. ಆ ಆಟ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೇ ಸೇರಿತು. ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮ ನಾಡಿನಲ್ಲಿ ಎರಡು ದೀಪ ಹಾಕಿಸಿದರೆ ಸಂಜೆ ತಂಪಿನಲ್ಲಿ ಆಡಬಹುದು.

ಪಂಜಾಬಿನ ಬಲ್ಲೋ ಕೆ ಎಂಬ ಸಣ್ಣ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ ಕಥೆಯನ್ನೂ ಕಾಕಾನಿಗೆ ಹೇಳಿದೆ. ಏಳಡಿ ದಾಟಿದ ಹುಡುಗ. ಲುಧಿಯಾನದ ಅಕಾಡೆಮಿಯಲ್ಲಿ ಕಲಿತು ಅಮೆರಿಕಕ್ಕೆ ಹೋದ. 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡ ಅವನನ್ನು ಆರಿಸಿತು. ಭಾರತದಲ್ಲಿ ಹುಟ್ಟಿ, ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ ಆಟಗಾರರ ಆಯ್ಕೆಯಲ್ಲಿ, ಅಂದರೆ ಡ್ರಾಫ್ಟಿನಲ್ಲಿ, ಆಯ್ಕೆಯಾದ ಮೊದಲಿಗ ಅವನೇ. ಎತ್ತರ ಊರಿನಿಂದ ಬಂತು, ಆಟ ಅಂಕಣದಿಂದ ಬಂತು. ಕಾಕಾನ ಮಗ ರಿಂಗನ್ನು ಮೊದಲ ಸಲ ಕಂಡದ್ದು ಕಾಲೇಜಿಗೆ ಸೇರಿದ ಮೇಲೆ. ಹೈಸ್ಕೂಲಿನಲ್ಲೇ ಕಂಡಿದ್ದರೆ ಐದು ವರ್ಷ ಮುಂದೆ ಇರುತ್ತಿದ್ದ.

ಸರಿ, ಪಂದ್ಯ ಹೆಚ್ಚಿಸುವುದು ಹೇಗೆ? ಹಿಂದೆ ನಮ್ಮ ಕಾಲೇಜುಗಳು 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು; ಆಟಕ್ಕೂ ಆಯ್ಕೆಗೂ ಬಹಳ ದೂರ. ಈಗ ಯರಗೇರಾದಲ್ಲಿ ರಾಯಚೂರು, ಯಾದಗಿರಿ ಎರಡು ಜಿಲ್ಲೆಗಳ ಸಲುವಾಗಿಯೇ ವಿಶ್ವವಿದ್ಯಾಲಯ ಇದೆ. ದೂರ ಕಡಿಮೆಯಾದ ಮೇಲೆ ನಾಕೌಟಿಗೆ ಜೋತುಬೀಳುವ ಕಾರಣ ಉಳಿದಿಲ್ಲ. ಅದೇ 16 ತಂಡಗಳನ್ನು ನಾಲ್ಕು ಗುಂಪು ಮಾಡಿ. ಅಂಕಣ ಚೆನ್ನಾಗಿರುವ ನಾಲ್ಕು ಕಡೆ ಒಂದೊಂದು ಗುಂಪು. ಪ್ರತಿ ಭಾನುವಾರ ಗುಂಪಿಗೆ ಎರಡು ಪಂದ್ಯ. ಮೂರು ಭಾನುವಾರಕ್ಕೆ ಪ್ರತಿ ತಂಡವೂ ಉಳಿದ ಮೂರರ ಜೊತೆ ಆಡಿರುತ್ತದೆ. ನಾಲ್ಕನೇ ಭಾನುವಾರ ಗುಂಪಿನಲ್ಲಿ ಗೆದ್ದವರ ಸೆಮಿಫೈನಲ್, ಫೈನಲ್. ಒಟ್ಟು 27 ಪಂದ್ಯ. ಕ್ಲಾಸು ತಪ್ಪುವುದಿಲ್ಲ. ಬಸ್ಸಿನ ಖರ್ಚು ಒಂದಿಷ್ಟು ಏರುತ್ತದೆ, ಅಷ್ಟೇ.

“ಹತ್ತಿ ಬಿಡಿಸೋ ಟೈಮಿನಾಗ ಮಾತ್ರ ಇಡಬ್ಯಾಡ್ರಿ ಅನ್ನು” ಎಂದರು ಕಾಕಾ. ಹೊಲದವರ ಮನೆಯ ಹುಡುಗರು ಆಡಬೇಕಾದರೆ ಹೊಲದ ಕಾಲ ನೋಡಿಯೇ ವೇಳಾಪಟ್ಟಿ ಹಾಕಬೇಕು. ಸೆಮಿಸ್ಟರ್ ಪರೀಕ್ಷೆಯ ಜೊತೆ ಹತ್ತಿ, ತೊಗರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೋಡಲು ಜನ ಬರುತ್ತಾರೋ ಇಲ್ಲವೋ ಎಂಬ ಅನುಮಾನ ನನಗಿಲ್ಲ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಲು ಎಷ್ಟು ಜನ ಸೇರುತ್ತಾರೆ! ಕಸುವು ನೋಡಿ ಕೂಗಿ ಹುರಿದುಂಬಿಸುವುದು ನಮ್ಮ ಜನಕ್ಕೆ ಕಲಿಸಬೇಕಾದ ವಿದ್ಯೆಯಲ್ಲ. ಪಂದ್ಯ ಯಾವಾಗ, ಎಲ್ಲಿ ಎಂದು ಮೊದಲೇ ತಿಳಿಸಿದರೆ ಸಾಕು.

ಅದಕ್ಕೇ ನನ್ನ ಮಾತು ಇಷ್ಟು. ವಿಶ್ವವಿದ್ಯಾಲಯದವರು ನಾಕೌಟ್ ಬಿಟ್ಟು ಲೀಗ್ ಆಡಿಸಲಿ. ಊರಿನ ಹಿರಿಯರು, ಪಂಚಾಯತಿಯವರು ಶಾಲೆಯ ಬಯಲಲ್ಲಿ ಅರ್ಧ ಅಂಕಣ ಹಾಕಿಸಲಿ, ಅದೂ ಗರಸು ತುಂಬಿ, ಗಟ್ಟಿಯಾಗಿ. ನಿಮ್ಮ ಮನೆಯ ಹುಡುಗನೋ ನೆರೆಮನೆಯ ಹುಡುಗನೋ ಈ ವರ್ಷ ಕಾಲೇಜು ತಂಡದಲ್ಲಿದ್ದರೆ, ಗೆಲ್ಲಲಿ ಸೋಲಲಿ, ಅವನ ಪಂದ್ಯಕ್ಕೆ ಒಂದು ದಿನ ಹೋಗಿ ಬನ್ನಿ.