ಮೂರು ಹಕಾರಗಳು

ನಮ್ಮ ಚಿತ್ರದುರ್ಗದ ಪಾಳೆಯಗಾರರು ಬುದ್ಧಿವಂತರು. ಶತ್ರು ದಾರಿ ತಪ್ಪಲೆಂದು ಏಳು ಸುತ್ತಿನ ಕೋಟೆ ಕಟ್ಟಿದರು. ಊರುಗಳಿಗೆ ಹೆಸರಿಟ್ಟ ಪುಣ್ಯಾತ್ಮರು ಅವರಿಗಿಂತ ಬುದ್ಧಿವಂತರು: ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಏಳು ಸುತ್ತು ದಾಟಿ ಬಂದವನೂ ಈ ಮೂರು ಹಕಾರಗಳ ನಡುವೆ ಕಕ್ಕಾಬಿಕ್ಕಿಯಾಗುತ್ತಾನೆ. ಹೊಳಲ್ಕೆರೆಯ ಮದುವೆಗೆಂದು ಹೊರಟು ಹೊಸದುರ್ಗದ ಛತ್ರದಲ್ಲಿ ಉಂಡು ಬಂದ ನೆಂಟರು ನಮ್ಮ ಮನೆಯಲ್ಲೇ ಇದ್ದಾರೆ. ಊಟ ಚೆನ್ನಾಗಿತ್ತಂತೆ.

2024ರ ಏಪ್ರಿಲ್. ಮಳೆ ಕೈಕೊಟ್ಟ ವರ್ಷದ ಬೇಸಿಗೆ. ಜೋಗಿಮಟ್ಟಿ ರಸ್ತೆಯ ನಮ್ಮ ಮನೆಯ ಮುಂದೆ ಒಂದು ಕಾರು ನಿಂತಿತು. ಇಳಿದವನು ನನ್ನ ಹಳೇ ಶಿಷ್ಯ. ವ್ಯಾಕರಣದಲ್ಲಿ ಎರಡು ಸಲ ಡುಮ್ಕಿ ಹೊಡೆದವನು, ಈಗ ಚುನಾವಣೆ ‘ನೋಡಿಕೊಳ್ಳುತ್ತಾನೆ’. ಅವನ ಹಿಂದೆ ಬಿಳಿ ಬಟ್ಟೆಯ ಪಕ್ಷೇತರ ಅಭ್ಯರ್ಥಿ. ಬೇರೆ ಜಿಲ್ಲೆಯವರು, ಸೈಟು ವ್ಯವಹಾರದವರು, ಸಿಕ್ಕ ಚಿಹ್ನೆಯನ್ನು ತಾವೇ ಇನ್ನೂ ಸರಿಯಾಗಿ ಗುರುತು ಹಿಡಿಯದವರು. ಹೆಸರು ಬೇಡ.

“ಸಾರ್, ಇವರಿಗೆ ಒಂದೇ ದಿನದಲ್ಲಿ ಜಿಲ್ಲೆ ಕಲಿಸಬೇಕು,” ಅಂದ ಶಿಷ್ಯ. ಮೂರು ವರ್ಷದಲ್ಲಿ ಅವನಿಗೆ ಸಂಧಿ ಕಲಿಸಲಾಗದ ನನ್ನ ಮೇಲೆ ಇಷ್ಟು ಭರವಸೆ ಯಾಕೆ ಬಂತೋ.

ಹೊರಗಿನವರೆಂದು ನಾನೇನೂ ಮೂಗು ಮುರಿಯಲಿಲ್ಲ. ಆ ವಿಷಯದಲ್ಲಿ ನಮ್ಮದು ಧರ್ಮಛತ್ರದಂಥ ಕ್ಷೇತ್ರ. 1999ರಲ್ಲಿ ಸಿನಿಮಾ ನಟ ಶಶಿಕುಮಾರ್, 2004ರಲ್ಲಿ ನ್ಯಾಯಮೂರ್ತಿಯಾಗಿದ್ದ ಎನ್.ವೈ. ಹನುಮಂತಪ್ಪ, 2009ರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಜನಾರ್ದನ ಸ್ವಾಮಿ, ಆಮೇಲೆ ಮೂಡಿಗೆರೆಯ ಬಿ.ಎನ್. ಚಂದ್ರಪ್ಪ, ಆನೇಕಲ್ಲಿನ ಎ. ನಾರಾಯಣಸ್ವಾಮಿ, ಎಲ್ಲರನ್ನೂ ದೆಹಲಿಗೆ ಬೀಳ್ಕೊಟ್ಟಿದ್ದೇವೆ. ಕಿಂಡಿಯಲ್ಲಿ ನುಸುಳಿದ ಹೊರಗಿನವನಿಗೆ ನಾವು ಒನಕೆ ಎತ್ತುತ್ತೇವೆ. ಹೈವೇಯಲ್ಲಿ ಬಂದರೆ ಹಾರ ಹಾಕುತ್ತೇವೆ.

ಮನೆಯವರ ಮೇಲೆ ಮಾತ್ರ ನಾವು ಸ್ವಲ್ಪ ಬಿಗಿ. 1952ರಲ್ಲಿ ನಿಜಲಿಂಗಪ್ಪನವರನ್ನು ಲೋಕಸಭೆಗೆ ಕಳಿಸಿದ ಇದೇ ಜಿಲ್ಲೆ 1962ರ ವಿಧಾನಸಭೆ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಅವರನ್ನು ಸೋಲಿಸಿತು. ಎಸ್.ಆರ್. ಕಂಠಿಯವರು ನಾಲ್ಕು ತಿಂಗಳೂ ತುಂಬದಷ್ಟು ಕಾಲ ಮುಖ್ಯಮಂತ್ರಿ ಕುರ್ಚಿಯನ್ನು ಅವರಿಗಾಗಿ ಬೆಚ್ಚಗಿಟ್ಟು ಬಿಟ್ಟುಕೊಟ್ಟರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬಂದರು. ಆ ಸಾಲ ಬಹಳ ದಿನ ಬಾಕಿಯಿತ್ತು. 2024ರಲ್ಲಿ ಬಾಗಲಕೋಟೆ ಜಿಲ್ಲೆ ಮುಧೋಳದ ಗೋವಿಂದ ಕಾರಜೋಳರು ಇಲ್ಲಿ ನಿಂತು ಗೆದ್ದರು. ಬಡ್ಡಿಯ ಮಾತು ಯಾರೂ ಎತ್ತಿಲ್ಲ.

ಇರಲಿ. ಪಕ್ಷೇತರರಿಗೆ ಪಾಠ ಮಾಡಲು ಜೋಗಿಮಟ್ಟಿಗಿಂತ ಒಳ್ಳೆ ಶಾಲೆ ಇಲ್ಲವೆಂದು ಹೇಳಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ತಾಲ್ಲೂಕಿಗೆ ಕೈಕಾಲು ಚಾಚಿ ಮಲಗಿರುವ ಕಾಡು ಅದು. ವನ್ಯಧಾಮವಾದ್ದರಿಂದ ಬಾವುಟ, ಕರಪತ್ರ ಎಲ್ಲ ಕೆಳಗೇ ಬಿಟ್ಟು ಹತ್ತಿದೆವು. ಮೇಲೆ ಗಾಳಿಯೋ ಗಾಳಿ. ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ರೆಕ್ಕೆ ತಿರುಗಿಸುತ್ತಿದ್ದವು. “ಇಲ್ಲಿ ಪ್ರಚಾರ ಜೋರಾಗಿದೆ,” ಅಂದರು ಅಭ್ಯರ್ಥಿ, ಯಂತ್ರಗಳತ್ತ ಕೈ ಮಾಡಿ. ಆಗ ಅವರ ಮೇಲೆ ನನಗೆ ಸ್ವಲ್ಪ ಪ್ರೀತಿ ಬಂತು.

ಜೇಬಿನಿಂದ ಚೀಟಿ ತೆಗೆದು ಬರೆದುಕೊಟ್ಟೆ. ಹಿರಿಯೂರು: ಮಾರಿಕಣಿವೆ ಅಣೆಕಟ್ಟು, ಸದಾ ತುಂಬಿರಲಿ ಅನ್ನಿ. ಹೊಸದುರ್ಗ: ಅದೇ ಮಾರಿಕಣಿವೆಯ ಹಿನ್ನೀರು, ತುಂಬಲಿ ಅಂತ ಮಾತ್ರ ಅನ್ನಬೇಡಿ. ಹೊಳಲ್ಕೆರೆ: ಅಡಿಕೆ, ರೈಲು.

“ಒಂದೇ ಡ್ಯಾಮಿಗೆ ಎರಡು ಮಾತೇ?” ಕೇಳಿದರು.

ವಿವರಿಸಿದೆ. 1898ರಲ್ಲಿ ಕೆಲಸ ಶುರುವಾಗಿ 1907ಕ್ಕೆ ಮುಗಿದ ಅಣೆಕಟ್ಟು. 130 ಅಡಿಗೆ ಕೋಡಿ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಹದಿನೇಳು ಲೋಕಸಭೆ ಚುನಾವಣೆ ಹರಿದುಹೋದವು, ನೀರು ಹರಿಯಲಿಲ್ಲ. ಹಾಗಾಗಿ ಆ ವರ್ಷ ಕೆಳಗಿನ ಹಿರಿಯೂರಿನವರು ಬಾಗಿನ, ಡೊಳ್ಳು, ಸೆಲ್ಫಿ ಎಂದು ಹಬ್ಬ ಮಾಡಿದರು. ಮೇಲಿನ ಹೊಸದುರ್ಗದ ಹಿನ್ನೀರಿನ ಹಳ್ಳಿಗಳಲ್ಲಿ ತೆಂಗಿನ ತೋಟದೊಳಗೆ ಮೀನು ಓಡಾಡಿದವು.

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಏನೆಂದು ಕೇಳಿದರು. ಅದು ಟೀ ಅಂಗಡಿಯಲ್ಲಿ ಕಲಿಯುವ ಪಾಠ ಅಂದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ಘೋಷಣೆಯಾದ ದಿನ ನಮ್ಮ ಬೀದಿಯ ಅಂಗಡಿಯಲ್ಲಿ 53ರ ಮುಂದೆ ಎಷ್ಟು ಸೊನ್ನೆ ಎಂದು ಪಂದ್ಯ ನಡೆದಿತ್ತು. ಒಂಬತ್ತು ಎಂದು ಹೇಳಿ ನಾನು ಮಂಡಕ್ಕಿ ಮೆಣಸಿನಕಾಯಿ ಗೆದ್ದೆ. ಚುನಾವಣೆ ಬರುವ ಹೊತ್ತಿಗೆ ಒಂದು ಕಡೆಯವರು ಕೊಟ್ಟೆವೆಂದರು, ಇನ್ನೊಂದು ಕಡೆಯವರು ಎಲ್ಲಿ ಎಂದರು. ಆ ಯೋಜನೆಯಿಂದ ಕೈಗೆ ಬಂದ ಫಲ ನನ್ನ ಮಟ್ಟಿಗೆ ಆ ಒಂದು ಪ್ಲೇಟು.

ರೈಲಿನ ಪಾಠ ಚಿಕ್ಕದು: ಚಿತ್ರದುರ್ಗದಲ್ಲಿ ಬೆಂಗಳೂರಿನ ರೈಲು ಹತ್ತಿದವರು ಮೊದಲು ಬೆಂಗಳೂರಿಗೆ ಬೆನ್ನು ಹಾಕಿ ಚಿಕ್ಕಜಾಜೂರಿಗೆ ಹೋಗಬೇಕು. ದಾವಣಗೆರೆ–ತುಮಕೂರು ನೇರ ಮಾರ್ಗ ಆಗಿಬಿಟ್ಟರೆ ಈ ಸುತ್ತಾಟ ತಪ್ಪುತ್ತದೆ, ಭಾಷಣದ ಒಂದು ಪುಟವೂ ಖಾಲಿಯಾಗುತ್ತದೆ.

ಅಭ್ಯರ್ಥಿ ತಲೆಯಾಡಿಸಿ, ಒಂದು ಫೋಟೋ ಎಂದು ಬಂಡೆಯ ಅಂಚಿಗೆ ಹೋಗಿ ಎರಡೂ ಕೈ ಮೇಲೆತ್ತಿದರು. ಗಾಳಿ ಬೀಸಿತು. ಬಲಗೈಯಲ್ಲಿದ್ದ ಚೀಟಿ ಹಾರಿ, ಒಂದು ಲಾಗ ಹೊಡೆದು, ಹಿರಿಯೂರಿನ ದಿಕ್ಕಿಗೆ ಹೊರಟುಹೋಯಿತು. “ಪರವಾಗಿಲ್ಲ, ಎಲ್ಲ ತಲೆಯಲ್ಲಿದೆ,” ಅಂದರು. ಪರೀಕ್ಷೆಯ ಬೆಳಿಗ್ಗೆ ಶಿಷ್ಯನೂ ಹೀಗೇ ಅನ್ನುತ್ತಿದ್ದ.

ಇಳಿಹೊತ್ತಿಗೆ ಹೊಸದುರ್ಗದ ಕಡೆಯ ಒಂದು ಹಳ್ಳಿ. ಅರಳಿಕಟ್ಟೆಯ ಮೇಲೆ ಮೂವತ್ತು ಜನ, ಎರಡು ಮೇಕೆ. ಅಭ್ಯರ್ಥಿ ಮೈಕು ಹಿಡಿದರು. “ಹೊಳಲ್ಕೆರೆಯ ಮಹಾಜನರೇ! ನಾನು ಗೆದ್ದರೆ ಮಾರಿಕಣಿವೆ ವರ್ಷಪೂರ್ತಿ 130 ಅಡಿ ತುಂಬಿಯೇ ಇರುತ್ತದೆ!”

ಮೇಕೆ ಕೂಡ ಮೇಯುವುದನ್ನು ನಿಲ್ಲಿಸಿತು. ನಾನು ಶಿಷ್ಯನನ್ನು ನೋಡಿದೆ, ಶಿಷ್ಯ ಆಕಾಶ ನೋಡಿದ.

ಕಟ್ಟೆಯ ಮೂಲೆಯಲ್ಲಿದ್ದ ಅಜ್ಜ ಎಲೆಅಡಿಕೆ ಉಗಿದು ಬಂದು ಬಾಯೊರೆಸಿಕೊಂಡ. “ಊರ ಹೆಸರಿಗೇನು ಬಿಡ್ರಿ. ನಾಳೆ ಹೊಳಲ್ಕೆರೆಗೆ ಹೋದಾಗ ನಮ್ಮ ಹೆಸರು ಹೇಳ್ತಾರೆ, ಲೆಕ್ಕ ಸರಿ ಹೋಗ್ತೈತೆ.” ಜನ ನಕ್ಕರು. ಅಜ್ಜ ನಗಲಿಲ್ಲ. “ಆದ್ರೆ ಸ್ವಾಮಿ, ಎರಡು ವರ್ಷದ ಹಿಂದೆ ನನ್ನ ತೋಟದಾಗೆ ಎದೆಮಟ್ಟ ನೀರಿತ್ತು. ಈಗ ಅದೇ ತೋಟಕ್ಕೆ ಟ್ಯಾಂಕರ್ ತರಿಸಿ ನೀರು ಹೊಡೀತಿದೀನಿ. ಬೇಡಾದಾಗ ಬಂತು, ಬೇಕಾದಾಗ ಇಲ್ಲ. ಇದಕ್ಕೆ ದೆಲ್ಲೀಲಿ ಯಾರನ್ನ ಕೇಳ್ತೀರಿ?”

ಅಭ್ಯರ್ಥಿ ಅಜ್ಜನ ಎರಡೂ ಕೈ ಹಿಡಿದು ಬಹಳ ಹೊತ್ತು ನಿಂತರು. ನಿಜವಾಗಿಯೂ ಏನೋ ಹೇಳಬೇಕೆಂದಿತ್ತು ಅನ್ನಿಸುತ್ತದೆ. ಬಾಯಿ ಎರಡು ಸಲ ತೆರೆದು ಮುಚ್ಚಿತು. ಅಷ್ಟರಲ್ಲಿ ಹಿಂದಿನಿಂದ ಇನ್ಯಾರದೋ ಪ್ರಚಾರದ ಗಾಡಿ ಬಂದು ಹಾರ್ನ್ ಹೊಡೆಯತೊಡಗಿತು.

ಕಾರು ಹೊರಟು ಒಂದು ಮೈಲಿ ದಾಟಿದ ಮೇಲೆ ಅವರು ನನ್ನತ್ತ ಬಾಗಿ ಮೆಲ್ಲಗೆ ಕೇಳಿದರು: “ಮುಂದಿನದು ಯಾವ ಹ, ಮೇಷ್ಟ್ರೇ?”