ತುಳಿಯುವ ಡಬ್ಬಿಗೆ ಹೊಳಪು

ಮಾನ್ವಿಯಲ್ಲಿ ಕುಳಿತು ಗಿಟಾರ್ ಪೆಡಲ್ ಮಾಡುವವನಿಗೆ ಸರ್ಕ್ಯೂಟಿಗಿಂತ ದೊಡ್ಡ ತಲೆನೋವು ವಿವರಣೆ ಕೊಡುವುದು. ಹರಿಕಥಾಮೃತಸಾರದ ಜಗನ್ನಾಥದಾಸರು ನೆಲೆಸಿದ್ದ ಊರಿದು. ಇಲ್ಲಿಯವರಿಗೆ ತಂಬೂರಿ ಹೆಗಲಿಗೇರಿಸಿ ಗೊತ್ತು, ವಾದ್ಯದ ಸಾಮಾನನ್ನು ಕಾಲಲ್ಲಿ ಒತ್ತಿ ಗೊತ್ತಿಲ್ಲ. “ಕಾಲಿಲೆ ತುಳಿಯಾದಾ? ಸರಸ್ವತಿ ಅಲ್ಲೇನಪಾ ಅದು?” ಎಂದರು ಪಕ್ಕದ ಮನೆಯ ಅಜ್ಜಿ. ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ನೆನಪಿಸಿದೆ. ಮಾಸ್ತರರು ಬೆಳತನಕ ಅದರ ತಿದಿ ತುಳಿದರೂ ಸರಸ್ವತಿ ಮುನಿಸಿಕೊಂಡ ದಾಖಲೆಯಿಲ್ಲ. ಅಜ್ಜಿ ಒಪ್ಪಿದರು, ಒಪ್ಪಿದ ಕೂಡಲೇ ಪಾಟೀಸವಾಲು: “ಹಂಗಾರ ತುಳಿಯಾ ಸಾಮಾನಿಗೆ ಪಾಲಿಶ್ ಯಾಕ?”

ನ್ಯಾಯವಾದ ಪ್ರಶ್ನೆ. ಅಲ್ಯುಮಿನಿಯಂ ಡಬ್ಬಿ, ಒಳಗೆ ಒಂದೆರಡು ಟ್ರಾನ್ಸಿಸ್ಟರ್, 9 ವೋಲ್ಟ್ ಬ್ಯಾಟರಿ. ಗಿಟಾರಿನ ಸಾಧು ದನಿಯನ್ನು ಉಬ್ಬಿಸಿ, ನೆತ್ತಿ ಕತ್ತರಿಸಿ, ಗರ್ಜಿಸುವಂತೆ ಮಾಡುವುದಷ್ಟೇ ಅದರ ಕೆಲಸ; ಹೊಳಪಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಬಿಳಿ ಬಣ್ಣ ಬಳಿದ ಡಬ್ಬಿಯ ಮೇಲೆ ಮಾರ್ಕರಿನಿಂದ ಭತ್ತದ ತೆನೆ ಬರೆದು, ಕೆಳಗೆ ‘ಗದ್ದಲ’ ಎಂದು ನಾಮಕರಣ ಮಾಡಿದ್ದೇನೆ. ರಕ್ಷಣೆ ಇಲ್ಲದಿದ್ದರೆ ಕೊನೆಯಕ್ಷರ ಚಪ್ಪಲಿಗೆ ಹತ್ತಿ ಬರೀ ‘ಗದ್ದ’ ಉಳಿಯುತ್ತದೆ.

ಸಲಹೆಗೆ ಬರವೇ? ಒಬ್ಬರು ಬಾಗಿಲಿನ ವಾರ್ನಿಶ್ ಹಚ್ಚು ಎಂದರು. ಹಚ್ಚಿದರೆ ಬಿಳಿ ಬಣ್ಣಕ್ಕೆ ಕಾಮಾಲೆ ಖಚಿತ. ಚನ್ನಪಟ್ಟಣದ ಗೊಂಬೆಯ ಅರಗು ಚಂದವೇ, ಆದರೆ ಗೊಂಬೆ ಗಿರಗಿರ ತಿರುಗುವ ಘರ್ಷಣೆಯ ಬಿಸಿಗೆ ಅದು ಕರಗಿ ಹತ್ತುವುದು; ಚೌಕ ಡಬ್ಬಿಯನ್ನು ತಿರುಗಿಸುವುದು ಹೇಗೆ? ಕಾರಿಗೆ ಬಣ್ಣ ಹೊಡೆಯುವವರು ಗಟ್ಟಿಕಾರಕ ಬೆರೆಸಿ ಹೊಡೆಯುವ ಕ್ಲಿಯರ್ ಕೋಟ್ ಎಲ್ಲಕ್ಕಿಂತ ಗಟ್ಟಿ, ಪೆಟ್ರೋಲಿಗೂ ಜಗ್ಗದು. ಅದರಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶದ ವೈರಿ. ಬಾಯಿಗೆ ಟವೆಲ್ ಸುತ್ತಿಕೊಂಡರೆ ಅದು ಕೇಳುವುದಿಲ್ಲ. ಒಂದು ತೆನೆಗಾಗಿ ಉಸಿರು ಒತ್ತೆ ಇಡುವುದು ಅತಿಯಾಯಿತು.

ಉಳಿದದ್ದು ಅಕ್ರಿಲಿಕ್ ಸ್ಪ್ರೇ. ಸ್ಪ್ರೇ ಡಬ್ಬಿಯ ಮೇಲೆ ಸಣ್ಣಕ್ಷರದ ಷರತ್ತು: ಹದವಾದ ಬಿಸಿ, ಒಣ ಹವೆ, ಧೂಳಿಲ್ಲದ ಜಾಗ. ಬರೆದವರು ರಾಯಚೂರು ಜಿಲ್ಲೆಗೆ ಬಂದಿರಲಿಕ್ಕಿಲ್ಲ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಸಿಂಪಡಿಸಿದ ಹನಿ ಗಾಳಿಯಲ್ಲೇ ಒಣಗಿ ಮರಳಿನಂತೆ ಉದುರಿ, ಹೊಳಪಿನ ಬದಲು ಉಪ್ಪುಕಾಗದ ಸಿದ್ಧವಾಗುತ್ತದೆ. ಮಳೆಗಾಲದಲ್ಲಿ ತೇವ ಸಿಕ್ಕಿಕೊಂಡು ಮಂಜುಗಟ್ಟಿ ಬೆಳ್ಳಗಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೃಪೆಯಿಂದ ಸುತ್ತ ಭತ್ತವೋ ಭತ್ತ. ಕೊಯ್ಲಿಗೆ ಯಂತ್ರ ಇಳಿದರೆ ಹೊಟ್ಟು ಹಾರಿ ಬಂದು ಹಸಿ ಬಣ್ಣದ ಮೇಲೆ ಕೂರುತ್ತದೆ. ನಾನು ಬರೆದ ತೆನೆಗೆ ನಿಜವಾದ ಹೊಟ್ಟು! ಆಯ್ಕೆ ಮಾಡಬೇಕಾದದ್ದು ಸ್ಪ್ರೇಯನ್ನಲ್ಲ, ತಿಂಗಳನ್ನು. ಕೊಯ್ಲು ಮುಗಿದು ಬಿಸಿಲು ಏರದ ಜನವರಿಯೇ ಸರಿ. ಬೆಳಗಿನ ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲು.

ಇನ್ನೊಂದು ಕಿತಾಪತಿ ಇದೆ. ಮಾರ್ಕರಿನ ಶಾಯಿ ಕರಗುವುದೂ ದ್ರಾವಕದಲ್ಲೇ, ಸ್ಪ್ರೇಯಲ್ಲಿರುವುದೂ ದ್ರಾವಕವೇ. ಒಮ್ಮೆಗೇ ದಪ್ಪಗೆ ಹೊಡೆದರೆ ‘ಲ’ದ ಸುರುಳಿಯ ಅಂಚಿನಲ್ಲಿ ಮೊದಲು ಸಣ್ಣ ನೀಲಿ ಮೀಸೆ ಮೂಡುತ್ತದೆ, ನೋಡನೋಡುತ್ತ ಅಕ್ಷರವೇ ಗಡ್ಡ ಬಿಡುತ್ತದೆ. ಒಂದಡಿ ದೂರದಿಂದ, ಕೈ ನಿಲ್ಲಿಸದೆ, ಬಿದ್ದಿತೋ ಇಲ್ಲವೋ ಎಂಬಷ್ಟು ತೆಳುವಾಗಿ ಹೊಡೆದು ಆರಲು ಬಿಡಬೇಕು. ಆಮೇಲೆ ಮತ್ತೊಂದು ಕೈ, ಮಗದೊಂದು ಕೈ.

ನೀವೂ ಮಾಡುವವರಾದರೆ ಡಬ್ಬಿಯ ತಳಕ್ಕೂ ಅದೇ ಬಣ್ಣ ಬಳಿದು, ಅದೇ ಮಾರ್ಕರಿನಿಂದ ಗೀಟೆಳೆದು ಮೊದಲು ಅಲ್ಲಿ ಹೊಡೆದು ನೋಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ವಾರದ ತನಕ ಕಾಲಿಡಬೇಡಿ.