ವಾಕ್ಯಸರಳೀಕರಣ ಮೀಮಾಂಸೆ

ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ಬರೆದು ಮುಗಿಸಿದನು. ವ್ಯಾಕರಣವನ್ನು ಮಕ್ಕಳಿಗೆ ಸರಳಗೊಳಿಸುವ ಭಾರ ಮಾತ್ರ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳ ಹೆಗಲಿಗೆ ಬಿತ್ತು. ಅವರು 592ನ್ನು ಒಂದಕ್ಕೆ ಇಳಿಸಿದ್ದು ಶಾಸ್ತ್ರಚರಿತ್ರೆಯಲ್ಲೇ ಅಪೂರ್ವ. ಆ ಏಕಸೂತ್ರ ಹೀಗಿದೆ: 'ಯಾರು' ಎಂದರೆ ಬರುವುದು ಕರ್ತೃ, 'ಏನನ್ನು' ಎಂದರೆ ಬರುವುದು ಕರ್ಮ, ಕೊನೆಗೆ ಉಳಿದದ್ದು ಕ್ರಿಯಾಪದ.

ಪ್ರಯೋಗ: ರಾಮನು ಹಣ್ಣನ್ನು ತಿಂದನು.

ವೃತ್ತಿ: ಮನೆಯಲ್ಲಿ 'ರಾಮ ಹಣ್ಣು ತಿಂದ'. ಶಾಲೆಯ ಗೇಟು ದಾಟಿದೊಡನೆ ಅದೇ ರಾಮ 'ನು, ನ್ನು, ನು' ಎಂಬ ಯೂನಿಫಾರ್ಮು ತೊಡುತ್ತಾನೆ. ಹಣ್ಣು ಯಾವುದೆಂದು ಕೇಳಕೂಡದು. ಗುಣವಾಚಕದ ಪಾಠ ಬರುವವರೆಗೆ ಅದು ಸಿಹಿಯಾಗುವಂತೆಯೂ ಇಲ್ಲ.

ಪೂರ್ವಪಕ್ಷ: ಕಡೇ ಬೆಂಚಿನ ಹುಡುಗಿ ಎದ್ದು, "ಸಾರ್, ನಂಗೆ ಹಸಿವಾಗಿದೆ" ಎನ್ನುತ್ತಾಳೆ. 'ನನಗೆ' ಎಂದು ತಿದ್ದಿದರೂ ಚತುರ್ಥಿಯೇ. ಅಂದಮೇಲೆ ಕರ್ತೃ ಹಸಿವು. ಹುಡುಗಿ ಏನೂ ಮಾಡಿಲ್ಲ. ಪಕ್ಕದವಳು "ಇವನು ನನ್ನ ತಮ್ಮ" ಎನ್ನುತ್ತಾಳೆ. ಇಲ್ಲಿ ಕ್ರಿಯಾಪದವೇ ನಾಪತ್ತೆ.

ಸಿದ್ಧಾಂತ: ಮೊದಲನೆಯದನ್ನು ಊಟದ ಬೆಲ್ಲಿನವರೆಗೆ ಮುಂದೂಡತಕ್ಕದ್ದು. ಎರಡನೆಯದಕ್ಕೆ 'ಆಗಿದ್ದಾನೆ' ಎಂದು ಬಾಲ ಹಚ್ಚತಕ್ಕದ್ದು. ಸದ್ಯಕ್ಕೆ ಅವನು ತಮ್ಮನಾಗಿದ್ದಾನೆ. ಮುಂದೇನಾಗುತ್ತಾನೋ ಭವಿಷ್ಯತ್ಕಾಲದ ಪಾಠದಲ್ಲಿ ನೋಡೋಣ.

ಪಂಚಮೀ ವಿಭಕ್ತಿಯ ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕು. ಸಂಸ್ಕೃತದಲ್ಲಿ ಉಂಟು, ಆದ್ದರಿಂದ ಕನ್ನಡದಲ್ಲೂ ಇರಲೇಬೇಕು. ಆದರೆ 'ಇಂದ'ವನ್ನು ತೃತೀಯೆ ಮೊದಲೇ ಹೊತ್ತುಕೊಂಡು ಹೋಗಿತ್ತು. ಹಳಗನ್ನಡದ ವೈಯಾಕರಣ ಕೇಶಿರಾಜ ಪಂಚಮಿಗೆ 'ಅತ್ತಣಿಂ' ತೋರಿಸಿದ. ನಮ್ಮ ಶಾಲೆಯ ಪಟ್ಟಿಯಲ್ಲಿ ಅದು 'ದೆಸೆಯಿಂದ'. ಹೀಗಾಗಿ ಹಣ್ಣು ಮರದಿಂದ ಬೀಳುವಂತಿಲ್ಲ, ಮರದ ದೆಸೆಯಿಂದ ಬೀಳಬೇಕು. ಈ ಸುತ್ತೋಲೆ ತೋಟಗಳಿಗೆ ತಲುಪದ ಕಾರಣ ಹಣ್ಣುಗಳು ಇಂದಿಗೂ ತೃತೀಯೆಯಲ್ಲೇ ಬೀಳುತ್ತಿವೆ. ಪಾಪ, ಓದು ಬರಹ ಬಾರದ ಮಾವು.

ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕವನ್ನೇ ಬರೆದಿದ್ದಾರೆ. ಅದು ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಇಲ್ಲಿ ಚರ್ಚಿಸಿಲ್ಲ.

ಪ್ರಶ್ನೆಪತ್ರಿಕೆ ತಯಾರಿಸುವ ಮಹನೀಯರಲ್ಲಿ ವಿನಂತಿ: 'ಕರ್ತೃಪದವನ್ನು ಗುರುತಿಸಿರಿ' ಎಂದು ಕೇಳುವಾಗ ಮಕ್ಕಳು ನಿಜವಾಗಿ ಆಡುವ ಮಾತನ್ನು ದಯವಿಟ್ಟು ಕೊಡಬೇಡಿ. 'ನನಗೆ ಗೊತ್ತಿಲ್ಲ' ಎಂಬುದನ್ನಂತೂ ಕೊಡಲೇಬೇಡಿ. ಅದರ ಕರ್ತೃ ಯಾರೆಂದು ಕೇಳಿದರೆ ಮೇಷ್ಟ್ರೂ ಅದೇ ಉತ್ತರ ಬರೆಯಬೇಕಾದೀತು.